ಬೀಟೆ ಎಂದು ಯಾರೂ ಬರೆಯಲಿಲ್ಲ

ಒಂದು ಬೀಟೆ ಹಲಗೆಗೆ ನನ್ನ ಹನ್ನೆರಡು ದಿನದ ಕೂಲಿ. ಅದೇ ಅಳತೆಯ ತೇಗಕ್ಕೆ ಐದು ದಿನ. ಮಾವಿಗೆ ಒಂದೂವರೆ ದಿನ, ನೀಲಗಿರಿಗೆ ಮುಕ್ಕಾಲು. ಪೈನ್ ಮರವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಅದರ ಒಂದು ಹಲಗೆಯ ಬೆಲೆ ದುಡಿದಿರುತ್ತೇನೆ. ಹೀಗೆ ಕೂಲಿಯಲ್ಲಿ ಅಳೆಯುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಹಲಗೆ ಕೈತಪ್ಪಿ ಬಿದ್ದು ಮೂಲೆ ಮುರಿದರೆ ಎಷ್ಟು ದುಡ್ಡು ಹೋಯಿತು ಎಂದು ಯಾರೂ ಕೇಳುವುದಿಲ್ಲ, ಎಷ್ಟು ದಿನ ಹೋಯಿತು ಎಂದು ಕೇಳುತ್ತಾರೆ.

ನಮ್ಮದು ಮೇಜು, ಕುರ್ಚಿ, ಮಂಚ ಮಾಡುವ ಕಾರ್ಖಾನೆ. ಕಾರ್ಖಾನೆ ಎನ್ನುವುದು ದೊಡ್ಡ ಮಾತು. ತಗಡಿನ ಮಾಡು, ಮೂರು ಯಂತ್ರ, ಉದ್ದನೆಯ ನಾಲ್ಕು ಮೇಜು, ಹಿಂದುಗಡೆ ಮರದ ಕೋಣೆ, ಒಂಬತ್ತು ಜನ. ನಾನು ಪಾಲಿಶ್ ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಮಾವಿಗೆ ತೇಗದ ಬಣ್ಣ, ತೇಗಕ್ಕೆ ಬೀಟೆಯ ಬಣ್ಣ ಕೊಟ್ಟುಕೊಂಡು ಬಂದಿದ್ದೇನೆ. ಎಲ್ಲರೂ ನನ್ನನ್ನು ಪಾಲಿಶಕ್ಕ ಎನ್ನುತ್ತಾರೆ. ಹೋದ ವರ್ಷ ದೊಡ್ಡ ಯಜಮಾನರ ಜಾಗಕ್ಕೆ ಬಂದು ಕೂತ ಅವರ ಮಗಳು, ನಮ್ಮ ಮೇಡಂ ಕೂಡ ಹಾಗೇ ಕರೆಯುತ್ತಾರೆ.

ನನ್ನ ತಮ್ಮ ಅಲ್ಲಿಯೇ ಕೆತ್ತನೆ ಕೆಲಸದಲ್ಲಿದ್ದ. ಹನ್ನೊಂದು ವರ್ಷದ ಹಿಂದೆ ದೊಡ್ಡ ಯಜಮಾನರ ಕೈಕಾಲು ಹಿಡಿದು ನಾನೇ ಸೇರಿಸಿದ್ದು. ಇವನಿಂದ ಏನಾದರೂ ಹೆಚ್ಚುಕಡಿಮೆಯಾದರೆ ನನ್ನನ್ನು ಕೇಳಿ ಎಂದು ಮಾತು ಕೊಟ್ಟಿದ್ದೆ. ಕೆಲಸದಲ್ಲಿ ಅವನಿಗೆ ಹೆಸರಿಡುವಂತಿರಲಿಲ್ಲ. ಆದರೆ ಬೀಟೆ ಬಿಟ್ಟು ಬೇರೆ ಯಾವ ಮರ ಕೊಟ್ಟರೂ ಮುಖ ಗಂಟಿಕ್ಕುತ್ತಿದ್ದ. ತೇಗವೆಂದರೆ ಜಿಡ್ಡು, ಮಾವೆಂದರೆ ಹತ್ತಿ, ನೀಲಗಿರಿಯಂತೂ ಮರವೇ ಅಲ್ಲ, ಉದ್ದಕ್ಕೆ ಬೆಳೆದ ಹುಲ್ಲು. ಅದಕ್ಕೇ ಅವನಿಗೆ ಬೀಟೆ ಎಂಬ ಅಡ್ಡಹೆಸರು. ಗಿರಾಕಿಗಳೂ ಬೀಟೆ ಇದ್ದಾನಾ ಎಂದೇ ಕೇಳಿಕೊಂಡು ಬರುತ್ತಿದ್ದರು.

ಮರದ ಕೋಣೆಗೆ ಎರಡು ಕೀಲಿಕೈ. ಅರಗು, ಸ್ಪಿರಿಟ್ಟಿನ ಡಬ್ಬಗಳು ಅಲ್ಲೇ ಇರುವುದರಿಂದ ಒಂದು ನನ್ನ ಸೊಂಟದಲ್ಲಿ. ಇನ್ನೊಂದು ಗರಗಸದಣ್ಣನದು. ದಿಮ್ಮಿ ಸೀಳುವುದು, ಹಲಗೆ ಜೋಡಿಸುವುದು, ಕೋಣೆಯ ಲೆಕ್ಕ ನೋಡಿಕೊಳ್ಳುವುದು ಎಲ್ಲ ಅವನೇ. ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ಬೇರೆ ಊರಿನ ಮಗಳ ಮನೆಗೆ ಹೊರಟಾಗ ಅವನು ತನ್ನ ಕೀಲಿಕೈಯನ್ನು ನನ್ನ ತಮ್ಮನಿಗೆ ಕೊಟ್ಟು ಹೋಗಿದ್ದ.

ಹಲಗೆಯ ತುದಿ ಒಣಗಿ ಬಿರುಕು ಬಿಡದಿರಲಿ ಎಂದು ತುದಿಗೆ ಬಣ್ಣ ಬಳಿಯುತ್ತಾರೆ. ನಮ್ಮಲ್ಲಿ ಬೀಟೆಗೆ ಕೆಂಪು, ತೇಗಕ್ಕೆ ಬಿಳಿ, ಮಾವಿಗೆ ನೀಲಿ. ಅಟ್ಟಣಿಗೆಯಲ್ಲಿ ಒಳಕ್ಕೆ ತಳ್ಳಿಟ್ಟ ಮೇಲೆ ಹಲಗೆಯದು ಕಾಣುವುದು ತುದಿಯಷ್ಟೇ. ಬಾಗಿಲಲ್ಲಿ ನಿಂತು ಬಣ್ಣ ಎಣಿಸಿದರೆ ಲೆಕ್ಕ ಮುಗಿಯಿತು. ಒಳಗೆ ಕಾಲಿಟ್ಟವರೆಲ್ಲ ಬೇಕಿರಲಿ ಬೇಡದಿರಲಿ ಒಮ್ಮೆ ಕೆಂಪು ಎಣಿಸುವುದು ಬೆರಳಿನ ನೆಟಿಗೆ ಮುರಿಯುವಂಥ ಒಂದು ಚಟ. ಕೆಂಪು ಹನ್ನೊಂದು ಇರಬೇಕಿತ್ತು. ಗರಗಸದಣ್ಣ ಹೋಗಿ ಒಂದು ವಾರಕ್ಕೆ ನಾನು ಅರಗಿಗೆಂದು ಹೋದಾಗ ಎಂಟಿದ್ದವು.

ಮೂರು ಹಲಗೆ. ಮೂವತ್ತಾರು ದಿನ.

ಬಾಗಿಲು ಹಾಕಿಕೊಂಡು ಬಂದು ಬಾಯಿಗೂ ಬೀಗ ಹಾಕಿಕೊಂಡೆ. ಕೀಲಿಕೈ ಇದ್ದದ್ದು ಇಬ್ಬರ ಹತ್ತಿರ. ನಾನು ತೆಗೆದಿಲ್ಲ ಎಂಬುದು ನನಗೆ ಗೊತ್ತಿತ್ತು.

ಆಮೇಲೆ ಕಂಡದ್ದೆಲ್ಲ ಅದಕ್ಕೇ ಅಂಟಿಕೊಳ್ಳತೊಡಗಿತು. ತಮ್ಮನ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಆ ತಿಂಗಳೇ ಅಲ್ಲಿಗೆ ಹೊಸ ಫ್ರಿಜ್ ಬಂತು. ಅವನ ಹೆಂಡತಿ ಬಾಗಿಲು ತೆರೆದು ತೆರೆದು ತೋರಿಸಿದಳು, ಒಳಗೆ ದೀಪ ಹೊತ್ತಿಕೊಳ್ಳುವುದನ್ನು ಮೂರು ಸಲ ನೋಡುವಂತೆ ಮಾಡಿದಳು. ಬೆಲೆ ಕೇಳಿದರೆ ಕಂತಿನಲ್ಲಿ ತಗೊಂಡಿದ್ದು ಅತ್ತಿಗೆ ಎಂದಳು. ಚೆನ್ನಾಗಿದೆ ಎಂದು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಮೂವತ್ತು ದಿನ ಎಂದು ಲೆಕ್ಕ ಹಾಕಿಕೊಂಡು ಬಂದೆ. ಉಳಿದ ಆರು ದಿನಕ್ಕೆ ಏನು ತಗೊಂಡಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನುಷ್ಯರ ತಲೆ ಹೀಗೆಲ್ಲ ಓಡುತ್ತದೆ.

ಮೇಡಂ ಕಾಗದ ಹಂಚಿದ್ದು ಅದಾದ ಮೇಲಿನ ಸೋಮವಾರ. ಎರಡು ದಿನ ಎಲ್ಲೋ ತರಬೇತಿಗೆ ಹೋಗಿ ಬಂದಿದ್ದರು. ಸಣ್ಣ ಕಾರ್ಖಾನೆ ನಡೆಸುವವರಿಗೆ ಕೆಲಸದವರನ್ನು ಅರಿತುಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತಾರಂತೆ. ಗರಗಸದಣ್ಣ ರಜೆಯಲ್ಲಿದ್ದ ಕಾರಣ ಎಂಟು ಜನಕ್ಕೆ ಎಂಟು ಕಾಗದ. ಮೇಲೆ ಒಂದೇ ಪ್ರಶ್ನೆ: ನೀವು ಒಂದು ಮರವಾಗುವುದಾದರೆ ಯಾವ ಮರವಾಗಲು ಇಷ್ಟಪಡುತ್ತೀರಿ, ಯಾಕೆ? ಕೆಳಗೆ ಐದು ಗೆರೆ. ಬುಧವಾರ ಬೆಳಿಗ್ಗೆ ಬರೆದು ಕೊಡಬೇಕು. ತಪ್ಪು ಸರಿ ಅಂತೇನಿಲ್ಲ, ಸುಮ್ಮನೆ ಒಬ್ಬರನ್ನೊಬ್ಬರು ತಿಳಿದುಕೊಳ್ಳೋಕೆ ಎಂದು ನಗುತ್ತ ಹೇಳಿದರು.

ಸುಮ್ಮನೆ ಎಂಬ ಮಾತು ಕೇಳಿದ ಕೂಡಲೇ ಎಲ್ಲರ ಕಿವಿ ನೆಟ್ಟಗಾಯಿತು. ಸಂಬಳ ಕೊಡುವವರು ಸುಮ್ಮನೆ ಏನನ್ನೂ ಕೇಳುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಮಾತು. ಲೇತ್ ಯಂತ್ರದ ಮೇಲೆ ಕುರ್ಚಿಯ ಕಾಲು ತಿರುಗಿಸುವ ಲೇತ್ ಮಾವ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ. ಮೇಡಂ ಅಂಬೆಗಾಲಿಡುವಾಗ ಎತ್ತಿ ಆಡಿಸಿದವನು. ಕಾಗದವನ್ನು ದೂರಕ್ಕೆ ಹಿಡಿದು ಓದಿ ಹೇಳಿದ:

"ಮರ ಅಂದ್ರೆ ನಮ್ಮಲ್ಲಿ ಒಂದೇ ಅರ್ಥ ಕಣ್ರಯ್ಯ. ಯಾರನ್ನ ಮೊದಲು ಕಡೀಬೇಕು ಅಂತ ನಮ್ಮ ಕೈಯಲ್ಲೇ ಬರೆಸ್ಕೊಳ್ತಿದ್ದಾಳೆ."

ಅವನ ಅಳಿಯನೂ ಅಲ್ಲಿಯೇ ಕೀಲು ಕೂಡಿಸುವ ಕೆಲಸದಲ್ಲಿದ್ದಾನೆ. ಕುಳ್ಳಗಿರುವುದರಿಂದ ಸ್ಟೂಲು ಎಂದು ಕರೆಯುತ್ತಾರೆ. ಅವನಿಗೆ ಬೇರೆಯೇ ಅನುಮಾನ. ಪೈನ್ ಅಂತ ಬರೆದರೆ ಅಗ್ಗದವನು ಎಂದು ಕೂಲಿ ಇಳಿಸುತ್ತಾರೆ, ತೇಗ ಅಂತ ಬರೆದರೆ ಕೊಬ್ಬಿದವನು ಎನ್ನುತ್ತಾರೆ, ಎರಡರ ನಡುವೆ ಬೆಲೆಯಿರುವ ಮರ ಯಾವುದು ಹೇಳಿ ಎಂದ. ಕುಶನ್ ಹೊಲಿಯುವವಳು, ಗಟ್ಟಿ ಮರ ಬರೆದರೆ ಎರಡಾಳಿನ ಕೆಲಸ ಹೊರಿಸುತ್ತಾರೆ, ಮೆದು ಮರ ಬರೆದರೆ ಮನೆಗೆ ಕಳಿಸುತ್ತಾರೆ, ಕಾಗದ ಕಳೆದುಹೋಯಿತು ಎಂದು ಹೇಳಿಬಿಡೋಣವಾ ಎಂದಳು. ಕಳೆದುಹೋಯಿತು ಎಂಬ ಮಾತಿಗೆ ಎಲ್ಲರೂ ತಮ್ಮ ತಮ್ಮ ಬುತ್ತಿಯ ಕಡೆ ಬಗ್ಗಿದರು. ಆಮೇಲೆ ಲೇತ್ ಮಾವ ಉಪ್ಪು ಕೇಳಿದ.

ನಾನು ಗಮನಿಸಿದೆ. ಮರಗೆಲಸದವರು ಎಂಟು ಜನ ಅರ್ಧ ಗಂಟೆ ಕೂತು ಮರದ ಮಾತಾಡಿದೆವು. ಹಲಸು ಬಂತು, ಬೇವು ಬಂತು, ಎಲ್ಲಿಂದಲೋ ಬಿದಿರೂ ಬಂತು, ಬೀಟೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ತಮ್ಮ ನನ್ನ ಪಕ್ಕದಲ್ಲೇ ಕೂತಿದ್ದ, ತಲೆ ಎತ್ತದೆ ಉಣ್ಣುತ್ತಿದ್ದ. ಉಳಿದವರಿಗೆ ಆ ಹೆಸರು ಮರೆತಿದೆ, ಇವನು ಮಾತ್ರ ಬೇಕೆಂದೇ ನುಂಗಿಕೊಂಡಿದ್ದಾನೆ ಎಂದು ನಾನು ತಿಳಿದೆ. ಎಂಟು ಜನಕ್ಕೆ ಒಂದೇ ಹೊತ್ತಿಗೆ ಅದೇ ಮರ ಮರೆಯುವುದು ಹೇಗೆ ಎಂದು ಯೋಚಿಸುವಷ್ಟು ಬುದ್ಧಿ ಆಗ ಓಡಲಿಲ್ಲ.

ಸಂಜೆ ಮನೆಯವರಿಗೆ ಕಾಗದ ತೋರಿಸಿದೆ. ನೀನು ಮರವಾದರೆ ಅಡುಗೆ ಯಾರು ಮಾಡುತ್ತಾರೆ ಎಂದು ನಕ್ಕು ಟೀವಿ ಕಡೆ ತಿರುಗಿದರು. ನಾನು ಮಾತ್ರ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನಾನು ಮರವನ್ನು ನೋಡುವುದು ಅದು ಸತ್ತ ಮೇಲೆ. ಕಣ್ಣು ಮುಚ್ಚಿ ಮೂಸಿದರೂ ಯಾವ ಹಲಗೆ ಎಂದು ಹೇಳಬಲ್ಲೆ, ನಿಂತ ಮರದ ಎಲೆ ತೋರಿಸಿದರೆ ಗೊತ್ತಾಗುವುದಿಲ್ಲ. ನಾನು ದಿನಾ ಬಸ್ಸು ಹತ್ತುವ ಕಡೆ ಒಂದು ದೊಡ್ಡ ಮರವಿದೆ. ಮಂಗಳವಾರ ಬೆಳಿಗ್ಗೆ ಅಲ್ಲಿ ಪೇಪರ್ ಮಾರುವವನನ್ನು ಇದು ಯಾವ ಮರ ಎಂದು ಕೇಳಿದೆ. ಮಹಾಗನಿ ಎಂದ. ಅದರ ಮಂಚಕ್ಕೆ ಎಷ್ಟು ಸಲ ಪಾಲಿಶ್ ಎಳೆದಿದ್ದೆನೋ, ಅದರ ನೆರಳಲ್ಲಿ ಎಷ್ಟು ವರ್ಷ ನಿಂತಿದ್ದೆನೋ, ಎರಡೂ ಒಂದೇ ಎಂದು ತಿಳಿದಿರಲಿಲ್ಲ. ಕೈಯಿಟ್ಟು ನೋಡಿದೆ. ತೊಗಟೆ ಒರಟಾಗಿತ್ತು, ಬೆಚ್ಚಗಿತ್ತು. ನಿಂತಿರುವಾಗ ಮರಕ್ಕೆ ಪಾಲಿಶ್ ಬೇಕಾಗುವುದಿಲ್ಲ ಎಂದು ಅನ್ನಿಸಿ ನಗು ಬಂತು. ಬಸ್ಸು ಬಂತೆಂದು ಹತ್ತಿದೆ.

ಕೊನೆಗೆ ನಾನು ಮಾವು ಎಂದು ಬರೆದೆ. ಮಾವನ್ನು ಯಾರೂ ಬೇಗ ಕಡಿಯುವುದಿಲ್ಲ, ಹಣ್ಣು ಬಿಡುತ್ತಿರುವವರೆಗೂ ನೀರು ಹಾಕಿ ನೋಡಿಕೊಳ್ಳುತ್ತಾರೆ. ಕೆಲಸದಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಮರವಿಲ್ಲ ಎಂದು ನನ್ನ ಲೆಕ್ಕಾಚಾರ. ಮನಸ್ಸಿಗೆ ಮೊದಲು ಬಂದದ್ದು ಮಾವಲ್ಲ. ಬರೆಯಲು ಧೈರ್ಯ ಬರಲಿಲ್ಲ.

ಬುಧವಾರ ಬೆಳಿಗ್ಗೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಉದ್ದನೆಯ ಮೇಜಿನ ಸುತ್ತ ನಿಲ್ಲಿಸಿಕೊಂಡು ಮೇಡಂ ಒಂದೊಂದೇ ಕಾಗದ ಓದಿದರು. ಲೇತ್ ಮಾವ ತೇಗ ಬರೆದಿದ್ದ. ನೆಟ್ಟಗೆ ಬೆಳೆಯುತ್ತದೆ, ಯಾರಿಗೂ ತಲೆ ಬಾಗಿಸುವುದಿಲ್ಲ ಎಂದು ಕಾರಣ. ಸ್ಟೂಲು ತೆಂಗು ಬರೆದಿದ್ದ. ಕಾರಣ ಓದುವ ಮೊದಲೇ ಎಲ್ಲರೂ ನಕ್ಕರು, ಅವನೂ ನಕ್ಕ. ಕುಶನ್ ಹೊಲಿಯುವವಳು ಬೂರುಗ, ದಿಂಬಿಗೆ ಹತ್ತಿ ಸಿಗುತ್ತದೆ ಅಂತ. ನನ್ನದನ್ನು ಓದಿ ಪಾಲಿಶಕ್ಕ ಜಾಣೆ ಎಂದರು. ಆರನೆಯದು ತಮ್ಮನದು.

"ನೀಲಗಿರಿ. ಬೇಗ ಬೆಳೆಯುತ್ತದೆ."

ಆಗ ಎಲ್ಲರೂ ನಕ್ಕುಬಿಟ್ಟಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ನಗಲಿಲ್ಲ. ಬೀಟೆ ಎಂಬ ಹೆಸರಿನವನು, ಹನ್ನೊಂದು ವರ್ಷ ನೀಲಗಿರಿಯನ್ನು ಹುಲ್ಲು ಎಂದು ಬೈದವನು, ನೀಲಗಿರಿ ಆಗುತ್ತೇನೆ ಎಂದರೆ ನಗದೆ ನಿಲ್ಲುವ ಮರಗೆಲಸದವರು ಯಾರಿದ್ದಾರೆ? ಮೇಡಂ ತಲೆ ಎತ್ತಿ ನೋಡಿದರು. ಏನಪ್ಪಾ ನೀವೇ ಹೀಗೆ ಬರೆದಿದ್ದೀರಿ ಎಂದು ಕೇಳಿದಾಗ ತಮ್ಮ, ವಯಸ್ಸಾಗುತ್ತಿದೆಯಲ್ಲ ಮೇಡಂ, ಬೇಗ ಬೆಳೆಯಬೇಕಲ್ಲ ಎಂದ. ಅದಕ್ಕೂ ನಗು ಇಲ್ಲ. ಮೇಡಂ ಉಳಿದೆರಡು ಕಾಗದ ನೋಡಿದರು, ಮತ್ತೆ ಮೊದಲಿನಿಂದ ತಿರುವಿದರು.

"ಎಂಟು ಜನ ಮರದ ಕೆಲಸದವರು. ಒಬ್ಬರಿಗೂ ಬೀಟೆ ಆಗೋ ಆಸೆ ಇಲ್ವಾ? ಯಾಕೆ?"

ಅವರು ಕೇಳಿದ್ದು ತಮಾಷೆಗೇ. ಆ ಕ್ಷಣದವರೆಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ನಾನು ಕೈಯಲ್ಲಿದ್ದ ಪಾಲಿಶ್ ಬಟ್ಟೆಯನ್ನು ನೋಡಿದೆ, ಲೇತ್ ಮಾವ ಮಾಡು ನೋಡಿದ, ಸ್ಟೂಲು ಚಪ್ಪಲಿ ನೋಡಿಕೊಂಡ. ಮೇಡಂ ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. ಎಷ್ಟಾದರೂ ಅಪ್ಪನ ಮಗಳು. ಪಾಲಿಶಕ್ಕ, ಕೀಲಿಕೈ ಕೊಡಿ ಎಂದು ಕೈ ಚಾಚಿದರು.

ಹತ್ತು ನಿಮಿಷಕ್ಕೆ ದಾಸ್ತಾನಿನ ಪುಸ್ತಕ ಹಿಡಿದುಕೊಂಡು ವಾಪಸ್ ಬಂದರು. ನಾವೆಲ್ಲ ನಿಂತಲ್ಲೇ ನಿಂತಿದ್ದೆವು.

"ಹನ್ನೊಂದು ಇರಬೇಕು, ಎಂಟಿದೆ. ಇದು ನಿಮಗೆಲ್ಲಾ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ."

ತಮ್ಮನನ್ನು ಬಿಟ್ಟರೆ ಗೊತ್ತಿದ್ದದ್ದು ನನಗೊಬ್ಬಳಿಗೇ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅರಗು ತರಲು, ಮೊಳೆ ತರಲು, ಅಂಟು ತರಲು ಬೀಗ ತೆಗೆದ ನಮ್ಮಿಬ್ಬರ ಹಿಂದೆ ಬಂದವರೆಲ್ಲ ಬಾಗಿಲಲ್ಲಿ ನಿಂತು ಕೆಂಪು ಎಣಿಸಿದ್ದರು. ಒಬ್ಬೊಬ್ಬರೂ ತಮಗೆ ಬೇಕಾದ ಯಾರನ್ನೋ ಕಾಪಾಡಲು ಬಾಯಿ ಮುಚ್ಚಿಕೊಂಡಿದ್ದರು. ಲೇತ್ ಮಾವನಿಗೆ ಅಳಿಯನ ಮೇಲೆ ಅನುಮಾನ, ಅಳಿಯನಿಗೆ ಮಾವನ ಮೇಲೆ. ಇದೆಲ್ಲ ಆಮೇಲೆ ಒಂದೊಂದಾಗಿ ಹೊರಬಂತು. ಬೀಟೆ ಎಂದು ಬರೆದರೆ ಕಣ್ಣು ಅತ್ತ ಹೋಗುತ್ತದೆ ಎಂದು ಎಂಟೂ ಜನ ಜಾಣತನ ಮಾಡಿ, ಎಂಟೂ ಜನ ಸೇರಿ ಹೆಬ್ಬೆರಳು ಒತ್ತಿ ಕೊಟ್ಟ ಹಾಗಾಗಿತ್ತು.

ಮೇಡಂ ಕೂಗಾಡಲಿಲ್ಲ. ಶನಿವಾರ ಸಂಜೆಯೊಳಗೆ ಮೂರು ಹಲಗೆ ಅಟ್ಟಣಿಗೆಯಲ್ಲಿದ್ದರೆ ಯಾರು ಏನು ಎಂದು ಕೇಳುವುದಿಲ್ಲ. ಇಲ್ಲದಿದ್ದರೆ ಕೀಲಿಕೈ ಇಟ್ಟುಕೊಂಡಿದ್ದ ಇಬ್ಬರೂ ಸೋಮವಾರದಿಂದ ಬರಬೇಕಾಗಿಲ್ಲ ಎಂದರು. ಯಾರು ಎಂದು ಗೊತ್ತಿಲ್ಲದಾಗ ಇಬ್ಬರನ್ನೂ ಕಳಿಸುವುದು ಬಿಟ್ಟು ನನಗೆ ಬೇರೆ ದಾರಿ ಏನಿದೆ ಎಂದೂ ಹೇಳಿದರು. ತಮ್ಮನಿಂದ ಎರಡನೆಯ ಕೀಲಿಕೈಯನ್ನೂ ಇಸಿದುಕೊಂಡರು.

ಗುರುವಾರ, ಶುಕ್ರವಾರ ಕೆಲಸದ ನಡುವೆ ಎಲ್ಲರೂ ಎಲ್ಲರ ಚೀಲ ನೋಡುತ್ತಿದ್ದರು. ನಾನು ತಮ್ಮನನ್ನು ನೋಡುತ್ತಿದ್ದೆ. ಅವನೂ ಆಗಾಗ ನನ್ನ ಕಡೆ ನೋಡಿ ಕಣ್ಣು ತಪ್ಪಿಸುತ್ತಿದ್ದ. ತಪ್ಪು ಮಾಡಿದವನಲ್ಲದೆ ಇನ್ಯಾರು ಹೀಗೆ ನೋಡುತ್ತಾರೆ ಎಂದುಕೊಂಡೆ. ಗುರುವಾರ ಮಧ್ಯಾಹ್ನ ಕೈ ತೊಳೆಯುವ ಕಡೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕ, ಮನೇಲಿ ದುಡ್ಡಿಗೆ ಏನಾದ್ರೂ ತೊಂದ್ರೆ ಇದ್ಯಾ? ಇದ್ರೆ ನನಗೆ ಹೇಳು."

ಏನೂ ಇಲ್ಲ ಎಂದೆ. ದುಡ್ಡು ಮಾಡಿಕೊಂಡವನು, ಈಗ ಅದರಲ್ಲಿ ಒಂದು ಪಾಲು ನನಗೆ ಕೊಟ್ಟು ಬಾಯಿ ಮುಚ್ಚಿಸಲು ನೋಡುತ್ತಿದ್ದಾನೆ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ನೀನು ತಗೊಂಡೆಯಾ ಎಂದು ಅಲ್ಲೇ ಒಂದು ಮಾತು ಕೇಳಬಹುದಿತ್ತು. ಹೌದು ಎಂದುಬಿಟ್ಟರೆ ಏನು ಮಾಡುವುದು ಎಂಬ ಭಯಕ್ಕೆ ಕೇಳಲಿಲ್ಲ.

ಬದಲಿಗೆ ನನಗೆ ತಿಳಿದ ವ್ಯವಹಾರ ಮಾಡಿದೆ. ಬಿರುಕು ಕಂಡರೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಎಳೆಯುವುದು ನನ್ನ ಕಸುಬು. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಮೇಡಂ ಕೂರುವ ಗಾಜಿನ ಕೋಣೆಗೆ ಹೋದೆ. ಮೂರು ಹಲಗೆಯ ಬೆಲೆಯನ್ನು ನನ್ನ ಕೂಲಿಯಲ್ಲಿ ಹಿಡಿದುಕೊಳ್ಳಿ, ತಿಂಗಳಿಗೆ ಆರು ದಿನದಂತೆ ಆರು ತಿಂಗಳಿಗೆ ತೀರುತ್ತದೆ, ಇಬ್ಬರನ್ನೂ ಉಳಿಸಿ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ನಿಮ್ಮ ತಮ್ಮನಾ?"

"ನಾನು ಯಾರ ಹೆಸರೂ ಹೇಳಿಲ್ಲ ಮೇಡಂ."

"ನೀವೇನಾ?"

"ಅಯ್ಯೋ, ನಾನಲ್ಲ."

ಬಾಯಿಂದ ಬಂದಾಗಿತ್ತು. ಕೀಲಿಕೈ ಇದ್ದದ್ದು ಇಬ್ಬರ ಹತ್ತಿರ. ಒಬ್ಬಳು ನಾನಲ್ಲ ಎಂದು, ಆದರೂ ದುಡ್ಡು ಕಟ್ಟುತ್ತೇನೆ ಎಂದರೆ ಉಳಿದವನು ಯಾರು ಎಂದು ಮೂರನೇ ತರಗತಿ ಮಗುವೂ ಹೇಳುತ್ತದೆ. ಮೇಡಂ ಆಯಿತು, ಹೋಗಿ ಬನ್ನಿ ಎಂದರು. ಆಗಲೂ ನನಗೆ ಸಮಾಧಾನವೇ. ಕೆಲಸ ಉಳಿಯಿತು, ಮರ್ಯಾದೆ ಉಳಿಯಿತು, ಬುದ್ಧಿ ಉಪಯೋಗಿಸಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಶನಿವಾರ ಬೆಳಿಗ್ಗೆ ಮೇಡಂ ತಮ್ಮನನ್ನು ಗಾಜಿನ ಕೋಣೆಗೆ ಕರೆದರು. ಐದು ನಿಮಿಷ. ಹೊರಗೆ ಬಂದವನು ಯಾರ ಮುಖವನ್ನೂ ನೋಡದೆ ತನ್ನ ಮೇಜಿನ ಹತ್ತಿರ ಹೋಗಿ ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯ ಖಾನೆಗಳಿಗೆ ಸೇರಿಸತೊಡಗಿದ. ಇಪ್ಪತ್ತಾರು ಉಳಿ. ಒಂದಕ್ಕೂ ಅವಸರ ಮಾಡಲಿಲ್ಲ. ನಾನು ಹತ್ತಿರ ಹೋಗಿ, ಕೆಲಸ ಹೋಗಿಲ್ಲವಲ್ಲ, ನಾನು ಮಾತಾಡಿದ್ದೇನೆ, ಯಾಕೆ ಹೊರಟೆ ಎಂದೆ.

"ನೀನು ಮಾತಾಡಿದ್ದಕ್ಕೇ ಹೊರಟಿದ್ದು." ಕೊಡತಿಯನ್ನು ಚೀಲಕ್ಕೆ ಹಾಕಿದ. "ನಾನು ತೆಗೆದಿಲ್ಲಕ್ಕ. ನೀನು ತಗೊಂಡಿದ್ದೀಯ ಅಂದ್ಕೊಂಡಿದ್ದೆ. ಏನೋ ಕಷ್ಟ ಬಂದಿರಬೇಕು, ಹೇಳ್ಕೊಳ್ಳೋಕೆ ಆಗ್ತಿಲ್ಲ ಅಂತ. ಅದಕ್ಕೇ ಆ ಹಾಳು ನೀಲಗಿರಿ ಬರೆದೆ. ಒಬ್ಬರ ಹತ್ರನೂ ಬಾಯಿ ಬಿಡಲಿಲ್ಲ."

ಏನಾದರೂ ಅನ್ನಬೇಕೆಂದು, ನಾನೂ ನಿನಗೋಸ್ಕರವೇ ಹೋದದ್ದು, ನನ್ನ ಕೂಲಿಯಿಂದಲೇ ತಾನೇ ಎಂದೆ.

"ಹೌದು, ಕೂಲಿ ನಿಂದು. ಹೆಸರು ನಂದು."

ಚೀಲ ಹೆಗಲಿಗೇರಿಸಿಕೊಂಡ. ಆಮೇಲೆ, ಯಾವತ್ತೂ ತಮಾಷೆ ಬಿಡದವನು, ಅವತ್ತೂ ಬಿಡಲಿಲ್ಲ.

"ಆ ಕಾಗದದಲ್ಲಿ ನಿಜ ಬರೀಬೇಕಿತ್ತು. ನನಗೆ ಮರ ಆಗೋಕೇ ಇಷ್ಟ ಇಲ್ಲ. ಜನ ಮೈಮೇಲೆ ಏನೇ ಕೆತ್ತಿದ್ರೂ ನಿಂತಲ್ಲೇ ನಿಂತಿರಬೇಕು. ನನಗೆ ಕಾಲಿದೆ."

ಹೊರಟುಹೋದ. ಲೇತ್ ಮಾವ ಯಂತ್ರ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬೆನ್ನೂ ಸ್ವಲ್ಪ ಸಡಿಲವಾಗಿತ್ತು, ಚೀಲ ನೋಡುವುದು ನಿಂತಿತ್ತು. ಓಡಿದವನು ಅವನಾದ್ದರಿಂದ ಮಾಡಿದವನೂ ಅವನೇ ಎಂದು ಎಲ್ಲರಿಗೂ ತೀರ್ಮಾನವಾಗಿತ್ತು. ನನ್ನ ಮುಂದೆ ಯಾರೂ ಅನ್ನಲಿಲ್ಲ, ಕುಶನ್ ಹೊಲಿಯುವವಳು ಮಾತ್ರ ಒಂದು ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ನಿಜ ಹೇಳಬೇಕೆಂದರೆ ಮುಂದಿನ ಹನ್ನೆರಡು ದಿನ ನಾನೂ ಅತ್ತಿತ್ತ ತೂಗುತ್ತಲೇ ಇದ್ದೆ. ಅವನ ಮಾತು ನೆನೆದರೆ ಸುಳ್ಳಲ್ಲ ಅನ್ನಿಸುತ್ತಿತ್ತು. ಫ್ರಿಜ್ ನೆನೆದರೆ ಮತ್ತೆ ಹುಳ ಹರಿದಾಡುತ್ತಿತ್ತು.

ಗರಗಸದಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಆರು ವಾರಕ್ಕೆ ಬಂದವನು ಎಲ್ಲರ ಮುಖವನ್ನೂ ಹೊಸದಾಗಿ ನೋಡಿ, ಲೇತ್ ಮಾವನಿಗೆ ಇಷ್ಟು ಸುಕ್ಕು ಇದೆಯೆಂದು ಗೊತ್ತೇ ಇರಲಿಲ್ಲ ಎಂದ. ಬೀಟೆ ಎಲ್ಲಿ ಎಂದು ಕೇಳಿದ. ಹೇಳಿದೆವು. ಕನ್ನಡಕ ತೆಗೆದು ಮರದ ಕೋಣೆಗೆ ಹೋಗಿ ಬಾಗಿಲಲ್ಲಿ ತುಂಬಾ ಹೊತ್ತು ನಿಂತ. ಮೇಡಂ ಪುಸ್ತಕ ಹಿಡಿದು ಹಿಂದೆ ನಿಂತರು, ಅವರ ಹಿಂದೆ ನಾವು.

"ಬಿಳಿ ಎಷ್ಟಿರಬೇಕು?" ಎಂದು ಕೇಳಿದ.

ಪುಸ್ತಕದಲ್ಲಿ ತೇಗ ಹತ್ತೊಂಬತ್ತು. ಎಣಿಸಿದರೆ ಇಪ್ಪತ್ತೆರಡು. ಕೆಂಪನ್ನು ನಾವು ದಿನಕ್ಕೆ ನಾಲ್ಕು ಸಲ ಎಣಿಸಿದ್ದೆವು, ಬಿಳಿಯನ್ನು ಒಬ್ಬರೂ ಎಣಿಸಿರಲಿಲ್ಲ. ಆ ತಿಂಗಳೆಲ್ಲ ಪೈನ್ ಕಪಾಟಿನ ಕೆಲಸವೇ ಇದ್ದುದರಿಂದ ತೇಗದ ಹಲಗೆ ಎಳೆಯುವ ಪ್ರಸಂಗವೂ ಬಂದಿರಲಿಲ್ಲ. ಗರಗಸದಣ್ಣ ಮೇಲಿನ ಸಾಲಿನಿಂದ ಒಂದನ್ನು ಎಳೆದು ನೆಲಕ್ಕಿಳಿಸಿ ಕೀಸುಳಿಯಿಂದ ಒಂದು ಸಲ ಉದ್ದಕ್ಕೆ ಕೀಸಿದ. ಧೂಳಿನ ಕೆಳಗಿನಿಂದ ಕಡುನೇರಳೆ ಬಣ್ಣ ಎದ್ದಿತು. ವಾಸನೆ ನನ್ನ ಮೂಗಿಗೆ ಮೊದಲು ಬಂತು.

ಆದದ್ದು ಇಷ್ಟೇ. ಹೊರಡುವ ದಿನ ಗರಗಸದಣ್ಣ ಮೂರು ಬೀಟೆ ಹಲಗೆಯ ತುದಿಯಲ್ಲಿ ಬಿರುಕು ಬೆರಳಿಗೆ ಸಿಕ್ಕಿ, ತುದಿ ಕತ್ತರಿಸಿ, ಹೊಸದಾಗಿ ಬಣ್ಣ ಬಳಿದು ಒಣಗಲು ಹೊರಗಿಟ್ಟಿದ್ದ. ಕೆಂಪು ಡಬ್ಬ ಎಂದುಕೊಂಡು ಕುಂಚ ಅದ್ದಿದ್ದು ಬಿಳಿಗೆ. ಕಣ್ಣು ಅಷ್ಟು ಹೋಗಿದೆ ಎಂದು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಗರಗಸದ ಹತ್ತಿರ ಸೇರಿಸುವುದಿಲ್ಲ ಎಂಬ ಹೆದರಿಕೆ. ಮಾರನೆಯ ದಿನ ಸ್ಟೂಲು ತುದಿಯ ಬಿಳಿ ನೋಡಿ ಮೂರನ್ನೂ ತೇಗದ ಸಾಲಿಗೆ ತಳ್ಳಿದ್ದ. ತೂಕ ಜಾಸ್ತಿ ಅನ್ನಿಸಲಿಲ್ಲವಾ ಎಂದು ಮಾವ ಬೈದಾಗ, ಅನ್ನಿಸಿತು, ಹಸಿ ಇರಬೇಕು ಅಂದುಕೊಂಡೆ ಎಂದ. ಹತ್ತು ವರ್ಷ ಮರ ಹೊತ್ತ ಕೈ ಹೇಳಿದ್ದನ್ನು ಬಿಟ್ಟು ಬಣ್ಣವನ್ನು ನಂಬಿದ್ದ. ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ.

ಆ ಸಂಜೆಯೇ ಮೇಡಂ ನನ್ನನ್ನು ಕರೆದುಕೊಂಡು ತಮ್ಮ ಸೇರಿದ್ದ ಹೊಸ ಜಾಗಕ್ಕೆ ಹೋದರು. ಊರಿನ ಇನ್ನೊಂದು ತುದಿಯಲ್ಲಿ ಬಾಗಿಲು ಮಾಡುವ ಕಡೆ, ನಮ್ಮಲ್ಲಿಗಿಂತ ಕಡಿಮೆ ಕೂಲಿಗೆ ಮಾವಿನ ಹಲಗೆ ಕೆತ್ತುತ್ತಿದ್ದ. ಎದ್ದು ನಿಂತು ಮೇಡಂಗೆ ಕುರ್ಚಿ ಹಾಕಿದ, ಚಹಾ ತರಿಸಿದ. ಅವರು ತಪ್ಪಾಯಿತು, ಸೋಮವಾರದಿಂದ ಬನ್ನಿ, ಕೂಲಿ ಹೆಚ್ಚಿಸುತ್ತೇನೆ ಎಂದರು. ಪರವಾಗಿಲ್ಲ ಮೇಡಂ, ನಿಮ್ಮದೇನೂ ತಪ್ಪಿಲ್ಲ ಎಂದ. ಇಲ್ಲಿ ಒಪ್ಪಿಕೊಂಡ ಕೆಲಸವಿದೆ ಎಂದ. ನನ್ನ ಕಡೆ ತಿರುಗಿ, ಚಹಾಕ್ಕೆ ಸಕ್ಕರೆ ಸಾಕಾ ಅಕ್ಕ ಎಂದು ಕೇಳಿದ. ಅಷ್ಟೇ. ಫ್ರಿಜ್ಜಿನ ಕಂತು ಅವನ ಹೆಂಡತಿ ಹೊಲಿಗೆ ಮಾಡಿ ಉಳಿಸಿದ ದುಡ್ಡಿನದು ಎಂದು ಆಮೇಲೆ ತಿಳಿಯಿತು. ಕಂತಿಗೆ ದುಡ್ಡು ಎಲ್ಲಿಂದ ಎಂದು ಕೇಳಿದ್ದರೆ ಅವತ್ತೇ ಹೇಳುತ್ತಿದ್ದಳು.

ಈಗಲೂ ಮನೆಗೆ ಬರುತ್ತಾನೆ. ನಮ್ಮ ಮನೆಯವರ ಜೊತೆ ಕೂತು ಟೀವಿ ನೋಡುತ್ತಾನೆ, ಜೋಕು ಹೇಳುತ್ತಾನೆ. ನಾನು ಬಂದು ಕೂತರೆ ನೀರು ಕುಡಿದು, ಹೊತ್ತಾಯಿತು ಎಂದು ಏಳುತ್ತಾನೆ. ಹೋದ ತಿಂಗಳು ಅವನ ಮಗಳಿಗೆ ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿಟ್ಟಿದ್ದರು. ನನಗೆ ಗೊತ್ತಾದದ್ದು ಅವಳು ಮನೆಗೆ ಬಂದ ಮೇಲೆ, ಬೇರೆಯವರ ಬಾಯಿಂದ.

ಕಾರ್ಖಾನೆಗೆ ಮೂರು ಹಲಗೆ ಸಿಕ್ಕಿದವು. ಹಿಡಿದುಕೊಂಡಿದ್ದ ಆರು ದಿನದ ಕೂಲಿ ನನಗೆ ವಾಪಸ್ ಬಂತು. ನನ್ನ ಕೆಲಸ ಉಳಿಯಿತು. ಕಷ್ಟ ಬಂದರೆ ಮೊದಲು ನನ್ನ ಹತ್ತಿರ ಬರುತ್ತಿದ್ದ ತಮ್ಮ ಹಾಗೆ ಬರುವುದನ್ನು ಬಿಟ್ಟ.